ಮಲ್ಲಿನಾಥನ ಕಾರೂ ಕಾಕಂಬಿಯ ಡ್ರಮ್ಮೂ

ನಮ್ಮ ಓಣಿಯ ಮಲ್ಲಿನಾಥನ ಬಗ್ಗೆ ಜಮಖಂಡಿಯಿಂದ ಲೋಕಾಪುರದವರೆಗೆ ಹಬ್ಬಿರುವ ಸುದ್ದಿಯಲ್ಲಿ ಅರ್ಧ ಸುಳ್ಳು. ಉಳಿದರ್ಧವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆತ ಕಳ್ಳಭಟ್ಟಿ ಇಳಿಸಿದ ಎಂಬುದು ಸುಳ್ಳು. ತಾರವ್ವನ ಎಮ್ಮೆಗೆ ಅಮಲೇರಿದ್ದು ನಿಜ. ಅಬಕಾರಿ ಸಾಹೇಬರು ಬಂದದ್ದು ನಿಜ, ಅವರ ಕೈಗೆ ಆತ ಏನೋ ಇಟ್ಟು ಕಳಿಸಿದ ಎಂಬುದು ಸುಳ್ಳು. ಇದನ್ನೆಲ್ಲ ಯಾರಾದರೂ ಕ್ರಮವಾಗಿ ಹೇಳದೆ ಹೋದರೆ ಒಬ್ಬ ಸಭ್ಯ ನೇಕಾರನಿಗೆ ಅನ್ಯಾಯವಾದೀತು ಎಂದು ನಾನೇ ಬರೆಯಲು ಕೂತಿದ್ದೇನೆ. ನನ್ನ ಹೆಸರು ವಿಜಯ. ಮಲ್ಲಿನಾಥನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಎತ್ತರದ್ದಲ್ಲ.

ಮಲ್ಲಿನಾಥನಿಗೆ ಬನಹಟ್ಟಿಯಲ್ಲಿ ನಾಲ್ಕು ಪಾವರ್‌ಲೂಮ್ ಮಗ್ಗಗಳಿವೆ, ನಂದಾ ಎಂಬ ಹೆಂಡತಿ ಇದ್ದಾಳೆ, ಆರು ವರ್ಷದ ಹಿಂದೆ ಯಾರದೋ ಕೈಯಿಂದ ಕೊಂಡ, ಈಗ ಇಪ್ಪತ್ತೇಳು ವರ್ಷ ತುಂಬಿದ ಒಂದು ಸಣ್ಣ ಬಿಳಿ ಕಾರಿದೆ. ಮಗ್ಗಗಳು ನಡೆಯುತ್ತವೆ, ನಂದಾ ನಡೆಸುತ್ತಾಳೆ, ಕಾರು ನಿಂತಿರುತ್ತದೆ.

ಕಾರು ಕೊಂಡದ್ದೇ ನಂದಾಳಿಗಾಗಿ. ಆಕೆಯ ತವರು ಲೋಕಾಪುರ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಹೋದಾಗಲೆಲ್ಲ ಬಸ್ಸಿನಲ್ಲೇ ಹೋಗಿದ್ದಾಳೆ. ಸ್ಟ್ಯಾಂಡಿನಲ್ಲಿ ಇಳಿದು ಚೀಲ ಹೊತ್ತು ನಡೆದು ಹೋದರೆ ಒಳಗಿನಿಂದ ಯಾರೋ, ಬಂದೆಯಾ, ಕಾಲು ತೊಳೆದುಕೊಂಡು ಬಾ ಎನ್ನುತ್ತಾರೆ. ಅಷ್ಟೇ. ಅದೇ ಆಕೆಯ ತಂಗಿ ವೈಶಾಲಿ ಕಾರಿನಲ್ಲಿ ಬಂದರೆ ಹಾರ್ನ್ ಕೇಳಿದ ಕೂಡಲೇ ಮನೆಮಂದಿಯೆಲ್ಲ ಹೊರಗೆ ಬಂದು ನಿಲ್ಲುತ್ತಾರೆ. ಒಬ್ಬರು ಬಾಗಿಲು ತೆಗೆಯುತ್ತಾರೆ, ಒಬ್ಬರು ಚೀಲ ಇಳಿಸುತ್ತಾರೆ. ನಂದಾಳಿಗೆ ಬೇಕಾಗಿದ್ದುದು ಇದೊಂದೇ. ತನಗಾಗಿಯೂ ಒಮ್ಮೆ ಯಾರಾದರೂ ಹೊರಗೆ ಬರಬೇಕು. ಅದಕ್ಕಾಗಿ ಮಲ್ಲಿನಾಥ ಕಾರು ತಂದ. ಮೊದಲ ಸಲ ಅದು ಚಿಮ್ಮಡದಲ್ಲಿ ನಿಂತಿತು, ಎರಡನೆಯ ಸಲ ಮುಧೋಳದಲ್ಲಿ. ಎರಡು ಸಲವೂ ನಂದಾ ಅಲ್ಲೇ ಇಳಿದು ಚೀಲ ತೆಗೆದುಕೊಂಡು ಬಸ್ಸು ಹತ್ತಿದಳು. ಕಾರು ಹಗ್ಗ ಕಟ್ಟಿಸಿಕೊಂಡು ಟ್ರ್ಯಾಕ್ಟರಿನ ಹಿಂದೆ ಬನಹಟ್ಟಿಗೆ ಬಂತು.

ಈ ಏಪ್ರಿಲ್‌ನಲ್ಲಿ ನಂದಾಳ ತಮ್ಮ ಈಶ್ವರ ಲೋಕಾಪುರದಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಫೋನ್ ಮಾಡಿದ. ಈಶ್ವರನ ಹತ್ತಿರ ಹೊಸ ಕಾರಿದೆ. ಬಸ್ಸಿಗೆ ಬರ್ತೀರೇನಕ್ಕಾ ಎಂದು ಅವನು ಸಹಜವಾಗಿ ಕೇಳಿದ. ಮಲ್ಲಿನಾಥ ಹೆಂಡತಿಯ ಕೈಯಿಂದ ಫೋನ್ ಕಸಿದುಕೊಂಡ.

"ಬಸ್ಸಿಗೆ ಯಾಕೋ ಈಶ್ವರಾ, ಕಾರ ಐತಲ್ಲ. ನಿನ್ನ ಹೊಸಾ ಕಾರಿನ ತಗಡ ಬೆರಳಿಲೆ ಒತ್ತಿದ್ರ ಒಳಗ ಹೊಕ್ಕತಿ. ನಮ್ಮದು ಹಳೇ ಕಬ್ಬಿಣ. ಇನ್ನ ಐವತ್ತ ವರ್ಷ ಅದಕ್ಕ ಏನೂ ಆಗೂದಿಲ್ಲ."

ಹೀಗೆಂದು ಫೋನ್ ಇಟ್ಟು, ಆ ಹಳೆಯ ಕಬ್ಬಿಣವನ್ನು ತೊಳೆಯೋಣವೆಂದು ಹೋಗಿ ಮುಂದಿನ ಸೀಟಿನ ಕೆಳಗಿನ ಮ್ಯಾಟು ಎತ್ತಿದ. ಮ್ಯಾಟಿನ ಜೊತೆ ಕಾರಿನ ತಳವೂ ಒಂದಷ್ಟು ಎದ್ದು ಬಂತು. ಕೆಳಗೆ ಅಂಗಳ ಕಾಣಿಸಿತು. ಅಂಗಳದಲ್ಲಿ ಮಲಗಿದ್ದ ಬೆಕ್ಕು ತಲೆಯೆತ್ತಿ ಅವನನ್ನು ನೋಡಿತು.

ನಂದಾ ಬಂದು ತೂತು ನೋಡಿದಳು, ಬೆಕ್ಕನ್ನು ನೋಡಿದಳು, ಗಂಡನನ್ನು ನೋಡಿದಳು. ಈ ಸಲವೂ ಬಸ್ಸಿಗೆ ಹೋಗುವುದಾದರೆ ತಾನು ತಮ್ಮನ ಗೃಹಪ್ರವೇಶಕ್ಕೆ ಹೋಗುವುದೇ ಇಲ್ಲ, ಕಾರನ್ನು ಮರುದಿನವೇ ಗುಜರಿಯವನಿಗೆ ಕೊಡುವುದು ಎಂದು ಹೇಳಿ ಒಳಗೆ ಹೋದಳು. ಜೋರು ಮಾಡಲಿಲ್ಲ. ನಂದಾ ಜೋರು ಮಾಡದಿದ್ದರೆ ವಿಷಯ ಮುಗಿದಂತೆ ಎಂದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಗೃಹಪ್ರವೇಶಕ್ಕೆ ಇಪ್ಪತ್ತನಾಲ್ಕು ದಿನ ಇತ್ತು.

ವೆಲ್ಡಿಂಗ್ ಕೆಲಸದ ನಾಮದೇವನನ್ನು ಕರೆಸಿದರು. ನಾಮದೇವ ಕಾರಿನ ಕೆಳಗೆ ಮಲಗಿ, ಬಾಗಿಲ ಕೆಳಗಿನ ಉದ್ದಪಟ್ಟಿಗೆ ಸ್ಕ್ರೂಡ್ರೈವರ್ ಚುಚ್ಚಿದ. ಅದು ಹಿಡಿಯವರೆಗೂ ಒಳಗೆ ಹೋಯಿತು. ಇನ್ನೊಂದು ಪಟ್ಟಿಗೆ ಚುಚ್ಚಿದ, ಅದೂ ಹೋಯಿತು. ಸೀಟಿನ ಕೆಳಗಿನ ಅಡ್ಡಪಟ್ಟಿಗೆ ಚುಚ್ಚುವ ಅಗತ್ಯವೇ ಬೀಳಲಿಲ್ಲ, ಕೈಯಿಂದಲೇ ಉದುರಿತು. ಕಾರಿನ ಇಡೀ ಭಾರ ಹೊರುವ ಪಟ್ಟಿಗಳೇ ಅವು.

"ಮಲ್ಲಣ್ಣಾ, ವೆಲ್ಡಿಂಗ್ ತಗಡಿಗೆ ಹಿಡಿತೈತಿ, ತುಕ್ಕಿಗೆ ಹಿಡಿಯೂದಿಲ್ಲ," ಎಂದ ನಾಮದೇವ. "ಮೊದಲ ತುಕ್ಕ ಹೋಗ್ಲಿ. ಆಮ್ಯಾಲೆ ತಗಡ ಎಲ್ಲಿ ಉಳದೈತಿ ಹುಡಕೂಣು."

ಅಂಗಡಿಗೆ ತಂದರೆ ತಾನೇ ಉಜ್ಜಿ ತುಕ್ಕು ತೆಗೆಯುತ್ತೇನೆ ಎಂದೂ ಹೇಳಿದ. ಆದರೆ ನಾಮದೇವನ ಅಂಗಡಿ ಇರುವುದು ಮುಧೋಳದ ರಸ್ತೆಯ ಮೇಲೆ, ಲೋಕಾಪುರಕ್ಕೆ ಹೋಗಿ ಬರುವವರೆಲ್ಲ ಚಹಾಕ್ಕೆ ನಿಲ್ಲುವ ಕಡೆ. ಐವತ್ತು ವರ್ಷ ಏನೂ ಆಗದ ಕಾರು ಅಲ್ಲಿ ಹೊಟ್ಟೆ ತೆರೆದುಕೊಂಡು ನಿಂತರೆ ಈಶ್ವರನಿಗೆ ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ. ಬೇಡ, ಎಲ್ಲವೂ ಮನೆಯಲ್ಲೇ ಆಗಲಿ, ಯಾರಿಗೂ ಗೊತ್ತಾಗಬಾರದು ಎಂದು ಮಲ್ಲಿನಾಥ ನಾಮದೇವನಿಂದ ಆಣೆ ಮಾಡಿಸಿಕೊಂಡ. ಮುಂದಿನ ಎಲ್ಲ ಅನಾಹುತಕ್ಕೂ ಈ ಗುಟ್ಟೇ ಕಾರಣ.

ಉಪಾಯ ಹೇಳಿದವರು ಬಸಗೊಂಡಪ್ಪ ಮಾಸ್ತರರು. ಮಾಸ್ತರರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಾನೂ ಅವರ ಶಿಷ್ಯ. ಅವರು ತರಗತಿಯಲ್ಲಿ ಮಾಡಿದ ಒಂದು ಪ್ರಯೋಗವೂ ಸರಿಯಾಗಿ ಆದದ್ದು ನನಗೆ ನೆನಪಿಲ್ಲ, ಆದರೆ ಯಾಕೆ ಆಗಲಿಲ್ಲ ಎಂಬುದನ್ನು ಅವರಷ್ಟು ಚೆನ್ನಾಗಿ ವಿವರಿಸುವವರನ್ನು ನಾನು ಕಂಡಿಲ್ಲ. ಒಂದು ಪಾಲು ಕಾಕಂಬಿಗೆ, ಅಂದರೆ ಜೋನಿಬೆಲ್ಲಕ್ಕೆ, ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ಕಬ್ಬಿಣ ನೆನೆಹಾಕಿದರೆ, ಎರಡು ಮೂರು ವಾರದಲ್ಲಿ ತುಕ್ಕು ತಾನಾಗಿ ಬಿಡುತ್ತದೆ, ಕಬ್ಬಿಣಕ್ಕೆ ಏನೂ ಆಗುವುದಿಲ್ಲ ಎಂದರು. ಈ ಮಾತು ಖರೆ ಇತ್ತು. ಮಾಸ್ತರರ ಮಾತು ಖರೆ ಇರಬಹುದು ಎಂಬ ಅಭ್ಯಾಸ ನಮಗಿಲ್ಲದ್ದರಿಂದ ಯಾರೂ ಅದನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಕಬ್ಬಿನ ಸೀಮೆಯಲ್ಲಿ ಕಾಕಂಬಿಗೇನು ಬರ. ಹಿಪ್ಪರಗಿಯ ಕಡೆಯ ಒಂದು ಬೆಲ್ಲದ ಗಾಣದಿಂದ ಮಲ್ಲಿನಾಥ ಬೆಳಗಿನ ಐದು ಗಂಟೆಗೆ ಟಂಟಂ ಆಟೋದಲ್ಲಿ ಆರು ಕ್ಯಾನ್ ತಂದು, ಮೇಲೆ ಸೀರೆ ಹೊದಿಸಿ ಅಂಗಳಕ್ಕೆ ಸಾಗಿಸಿದ. ಆ ಹೊತ್ತಿಗೆ ಓಣಿಯಲ್ಲಿ ಎಚ್ಚರವಿದ್ದವರು ಎದುರು ಮನೆಯ ತಾರವ್ವ ಒಬ್ಬರೇ. ತಾರವ್ವ ಎಮ್ಮೆ ಹಿಂಡುತ್ತಾ ಆರೂ ಕ್ಯಾನ್ ಎಣಿಸಿದರು.

ನಾಮದೇವ ಪೆಟ್ರೋಲ್ ಟಾಕಿ, ಬ್ಯಾಟರಿ, ಸೀಟು ಎಲ್ಲ ಬಿಚ್ಚಿ, ಕಾರನ್ನು ಎತ್ತಿ ಕಲ್ಲಿನ ಮೇಲೆ ಕೂರಿಸಿ, ಅಡ್ಡಪಟ್ಟಿಯನ್ನು ಕತ್ತರಿಸಿ ಕೊಟ್ಟ. ಅದು, ಅದರ ಸಣ್ಣಪುಟ್ಟ ತುಂಡುಗಳು, ಬಂಪರು, ಇವೆಲ್ಲ ನೂಲಿಗೆ ಬಣ್ಣ ಹಾಕುವ ಮೂರು ಡ್ರಮ್ಮುಗಳಲ್ಲಿ ಕಾಕಂಬಿ ನೀರಿನೊಳಗೆ ಮುಳುಗಿದವು. ಕಾರಿನಿಂದ ಬಿಚ್ಚಲಾಗದ ಭಾಗಗಳಿಗೆ ಕಾಕಂಬಿಯಲ್ಲಿ ಅದ್ದಿದ ಬಟ್ಟೆ ಸುತ್ತಬೇಕು ಎಂದಿದ್ದರು ಮಾಸ್ತರರು. ಬಟ್ಟೆಗೆ ನೇಕಾರನ ಮನೆಯಲ್ಲಿ ಕೊರತೆಯಿಲ್ಲ. ಆದರೆ ಒದ್ದೆ ಬಟ್ಟೆ ಕಾರಿನ ಕೆಳಗೆ ನಿಲ್ಲಲೊಲ್ಲದು, ಸುತ್ತಿದ ಹತ್ತು ನಿಮಿಷಕ್ಕೆ ಜಾರಿ ಬೀಳುತ್ತದೆ.

ಇಲ್ಲಿ ಬೇರೆ ಊರಿನವನಾಗಿದ್ದರೆ ಹಗ್ಗ ಕಟ್ಟುತ್ತಿದ್ದ. ಮಲ್ಲಿನಾಥನ ಅಪ್ಪ ನೇಕಾರ, ಅಜ್ಜ ನೇಕಾರ. ನೂಲು ಹರಿಯದಿರಲಿ, ಬಟ್ಟೆ ಗಟ್ಟಿಯಾಗಿ ನಿಲ್ಲಲಿ ಎಂದರೆ ಆ ಮನೆತನದಲ್ಲಿ ಮೂರು ತಲೆಮಾರಿನಿಂದ ಒಂದೇ ಮದ್ದು, ಗಂಜಿ. ಆತ ದೊಡ್ಡ ಪಾತ್ರೆಯಲ್ಲಿ ನುಚ್ಚಕ್ಕಿ ಬೇಯಿಸಿ, ದಪ್ಪ ಗಂಜಿ ಮಾಡಿ, ಯಾರನ್ನೂ ಕೇಳದೆ ಮೂರೂ ಡ್ರಮ್ಮಿಗೆ ಸುರಿದ. ಬಟ್ಟೆ ಗಟ್ಟಿಯಾಗಿ ನಿಂತಿತು. ಕಾಕಂಬಿ, ಅಕ್ಕಿಯ ಗಂಜಿ, ಮೇಲೆ ಬನಹಟ್ಟಿಯ ಏಪ್ರಿಲ್ ಬಿಸಿಲು. ಈ ಮೂರು ಒಂದೆಡೆ ಸೇರಿದರೆ ಏನು ತಯಾರಾಗುತ್ತದೆ ಎಂದು ಬಲ್ಲವರು ಬಲ್ಲರು. ಮಲ್ಲಿನಾಥ ಒಂದು ಹನಿ ಮುಟ್ಟದ ಮನೆತನದವನು, ಅವನಿಗೆ ಗೊತ್ತಾಗುವುದಾದರೂ ಹೇಗೆ.

ಯಾರಿಗೂ ಕಾಣದಿರಲೆಂದು ಅಂಗಳದ ಸುತ್ತ ಹಗ್ಗ ಕಟ್ಟಿ ಸೀರೆಗಳನ್ನು ಇಳಿಬಿಟ್ಟ. ಕೇಳಿದವರಿಗೆಲ್ಲ ಸೀರೆ ಒಣಗಿಸುತ್ತಿದ್ದೇನೆ ಎಂದ. ಏಪ್ರಿಲ್‌ನಲ್ಲಿ ಸೀರೆ ಒಣಗಲು ಅರ್ಧ ಗಂಟೆ ಸಾಕು. ಇವನ ಸೀರೆಗಳು ದಿನಗಟ್ಟಲೆ ಒಣಗುತ್ತಿದ್ದವು.

ಐದನೆಯ ದಿನ ಡ್ರಮ್ಮುಗಳು ಬುಸುಗುಟ್ಟತೊಡಗಿದವು, ನೊರೆ ಬಂತು. ಏಳನೆಯ ದಿನ ವಾಸನೆ ಗೋಡೆ ದಾಟಿ ನನ್ನ ಅಡುಗೆಮನೆಗೆ ಬಂತು, ಎಂಟನೆಯ ದಿನ ಓಣಿಯ ತುದಿಗೆ ಮುಟ್ಟಿತು. ಅಷ್ಟು ದಿನ ಮಲ್ಲಿನಾಥನನ್ನು ಕಂಡರೂ ಕಾಣದಂತೆ ಹೋಗುತ್ತಿದ್ದ ಗಂಡಸರು ನಿಂತು ನಮಸ್ಕಾರ ಮಾಡತೊಡಗಿದರು. ಹೆಂಗಸರು ನಂದಾಳನ್ನು ಕಂಡರೆ ನಿಟ್ಟುಸಿರು ಬಿಡತೊಡಗಿದರು. ನಾನೂ ಆ ವಾರ ಒಂದು ತಂಬಿಗೆ ಹಿಡಿದು ಅವರ ಮನೆಗೆ ಹೋಗಿದ್ದು ನಿಜ. ಮಜ್ಜಿಗೆ ಕೇಳಲು ಹೋಗಿದ್ದೆ ಎಂದು ಅಂದೇ ಹೇಳಿದ್ದೇನೆ, ಇಂದೂ ಅದನ್ನೇ ಹೇಳುತ್ತೇನೆ.

ಒಂಬತ್ತನೆಯ ದಿನ ತಾರವ್ವನ ಎಮ್ಮೆ ಗೂಟ ಕಿತ್ತುಕೊಂಡು ಸೀರೆಗಳ ನಡುವೆ ನುಗ್ಗಿ, ಕಾರಿಗೆ ಸುತ್ತಿದ್ದ ಬಟ್ಟೆಯನ್ನು ಒಂದು ಕಡೆಯಿಂದ ನೆಕ್ಕಿ ಮುಗಿಸಿ, ಡ್ರಮ್ಮಿಗೂ ಬಾಯಿ ಹಾಕಿತು. ಆಮೇಲೆ ಸಮಾಧಾನವಾಗಿ ಹೊರಗೆ ಬಂದು, ಅಡ್ಡಾದಿಡ್ಡಿ ನಾಲ್ಕು ಹೆಜ್ಜೆ ಇಟ್ಟು, ದೊಡ್ಡ ರಸ್ತೆಯ ನಟ್ಟನಡುವೆ ಕುಳಿತಿತು. ಜಮಖಂಡಿಯ ಬಸ್ಸು ಮುಕ್ಕಾಲು ಗಂಟೆ ಹಾರ್ನ್ ಹೊಡೆಯಿತು. ಎಮ್ಮೆ ಕಣ್ಣು ಅರ್ಧ ಮುಚ್ಚಿ, ಡ್ರೈವರನ ಮೇಲೆ ಯಾವ ಸಿಟ್ಟೂ ಇಲ್ಲದೆ, ಮೆಲುಕು ಹಾಕುತ್ತಿತ್ತು. ಕೊನೆಗೆ ಎಂಟು ಜನ ಸೇರಿ ಅದನ್ನು ಪಕ್ಕಕ್ಕೆ ಸರಿಸಿದರು. ತಾರವ್ವ ಅದರ ಬಾಯಿ ಮೂಸಿ ನೋಡಿ, ನೆಟ್ಟಗೆ ಮನೆಗೆ ಹೋದರು.

ಅದೇ ಸಂಜೆ ಸೀರೆ ವ್ಯಾಪಾರಿ ಚನಮಲ್ಲಪ್ಪ ಖಾಲಿ ಕ್ಯಾನ್ ಒಂದನ್ನು ಚೀಲದಲ್ಲಿಟ್ಟುಕೊಂಡು ಬಂದ. ಲೋಕಾಪುರದ ಅಂಗಡಿಗಳಿಗೆಲ್ಲ ಸೀರೆ ಮುಟ್ಟಿಸುವವನು ಇವನೇ. ಗೋಡೆಯ ಈಚೆ ನಾನಿದ್ದೆ, ಆದ್ದರಿಂದ ಈ ಮಾತುಕತೆಗೆ ನಾನೇ ಸಾಕ್ಷಿ.

"ಯಾವತ್ತಿಗೆ ತಯಾರಾಕ್ಕತಿ ಮಲ್ಲಣ್ಣಾ?" ಎಂದು ಚನಮಲ್ಲಪ್ಪ ಮೆತ್ತಗೆ ಕೇಳಿದ.

ನಾಮದೇವ ಗುಟ್ಟು ಬಿಟ್ಟುಕೊಟ್ಟ ಎಂದು ಮಲ್ಲಿನಾಥ ತಿಳಿದ. "ಗೃಹಪ್ರವೇಶದ ದಿನಾ ಲೋಕಾಪುರಕ್ಕ ಒಯ್ಯಬೇಕ್ರಿ. ಅಲ್ಲಿತನಾ ಈಶ್ವರಗ ಮಾತ್ರ ಗೊತ್ತಾಗಬಾರದು."

"ಇಲ್ಲ ಬಿಡಪಾ. ಹಳೇದೇನು?"

"ಇಪ್ಪತ್ತೇಳ ವರ್ಷದ್ದು."

ಚನಮಲ್ಲಪ್ಪ ಚೀಲದ ಬಾಯಿ ಬಿಗಿಯಾಗಿ ಕಟ್ಟಿಕೊಂಡ. ಆಮೇಲೆ ಎದ್ದು, ಡ್ರಮ್ಮುಗಳಿದ್ದ ದಿಕ್ಕಿಗೆ ತಿರುಗಿ, ದೇವರ ಗುಡಿಯ ಮುಂದೆ ನಿಂತವನಂತೆ ಒಂದು ಕ್ಷಣ ನಿಂತು, ಚಪ್ಪಲಿ ಮೆಟ್ಟಿಕೊಂಡು ಹೋದ. ಗುಟ್ಟಿನ ಮಾತಾದ್ದರಿಂದ ಆತ ಅದನ್ನು ಒಬ್ಬೊಬ್ಬರಿಗೇ, ಬೇರೆ ಬೇರೆಯಾಗಿ ಹೇಳಿದ.

ಮರುದಿನ ಓಣಿಯ ಹಿರಿಯ ಹೆಂಗಸರು ನಾಲ್ಕು ಜನ ನಂದಾಳ ಹತ್ತಿರ ಬಂದು, ಇಂಥ ಮನೆತನದಲ್ಲಿ ಇದೇನಿದು ಎಂದು ಒಂದು ಗಂಟೆ ಬುದ್ಧಿ ಹೇಳಿದರು. ಆಗ ಗಂಡಹೆಂಡತಿಗೆ ಊರಿನಲ್ಲಿ ಏನು ಸುದ್ದಿಯಿದೆ ಎಂಬುದು ತಿಳಿಯಿತು. ಮಲ್ಲಿನಾಥ ಈಗಿಂದೀಗಲೇ ಸೀರೆ ತೆಗೆದು ಎಲ್ಲರಿಗೂ ಕಾರು ತೋರಿಸುತ್ತೇನೆ ಎಂದು ಎದ್ದ. ನಂದಾ ತಡೆದಳು. ಭಟ್ಟಿ ಇಳಿಸಿದರು ಎಂಬ ಮಾತು ನಾಲ್ಕು ದಿನಕ್ಕೆ ಹೋದೀತು, ಆದರೆ ತಳವಿಲ್ಲದ ಕಾರಿಟ್ಟುಕೊಂಡು ಜಂಬ ಕೊಚ್ಚಿದರು ಎಂಬ ಮಾತು ವೈಶಾಲಿಯ ಬಾಯಿಗೆ ಬಿದ್ದರೆ ತಾನು ಸಾಯುವವರೆಗೂ ಹೋಗುವುದಿಲ್ಲ ಎಂಬುದು ಆಕೆಯ ವಾದ. ಇದರಲ್ಲಿ ತಪ್ಪು ಹುಡುಕಲು ಮಲ್ಲಿನಾಥನಿಗೆ ಆಗಲಿಲ್ಲ. ನನಗೂ ಆಗಿಲ್ಲ.

ಗೃಹಪ್ರವೇಶ ಆಯಿತವಾರ. ಅದಕ್ಕೆ ನಾಲ್ಕು ದಿನ ಮೊದಲು, ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಅಬಕಾರಿ ಸಾಹೇಬರ ಜೀಪು ಬಂತು. ಸಾಹೇಬರು ಇಳಿಯುವ ಮೊದಲೇ ಮಗ್ಗಗಳೆಲ್ಲ ಸ್ತಬ್ಧವಾಗಿ ಓಣಿ ತುಂಬಿತು. ಸಾಹೇಬರು ಲಾಠಿಯಿಂದ ಸೀರೆ ಸರಿಸಿ, ಡ್ರಮ್ಮಿನ ಮುಚ್ಚಳ ತೆಗೆದು, ಒಮ್ಮೆ ಮೂಸಿ, ತಲೆ ಹಿಂದಕ್ಕೆಳೆದುಕೊಂಡು ಇದೇನು ಎಂದು ಕೇಳಿದರು. ಮಲ್ಲಿನಾಥ ಹೆಂಡತಿಯ ಮುಖ ನೋಡಿದ. ಇನ್ನು ಮುಚ್ಚಿಡುವಂತಿರಲಿಲ್ಲ. ತುಕ್ಕು ತೆಗೆಯುವ ಔಷಧ ಎಂದ.

"ಇಪ್ಪತ್ತ ವರ್ಷ ಆತು ಈ ನೌಕರಿಗೆ," ಎಂದರು ಸಾಹೇಬರು. "ದನದ ಮೇವು ಅಂದಾರ, ಬಾಣಂತಿ ಕಷಾಯ ಅಂದಾರ, ದೇವರ ಅಭಿಷೇಕಕ್ಕ ಅಂದಾರ. ಕಾರಿಗೆ ಅಂದಾವ ನೀನ ಮೊದಲನೇದಾವ."

ಮಲ್ಲಿನಾಥ ಮಾಸ್ತರರ ಹೆಸರು ಹೇಳಿದ. ಮಾಸ್ತರರನ್ನು ಕರೆಸಿದರು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವರ ಪಾಠ ಕೇಳಲು ಇಷ್ಟು ಜನ ತಾವಾಗಿಯೇ ಸೇರಿದ್ದರು. ಕಬ್ಬಿಣ ಎಂದರೇನು ಎಂಬಲ್ಲಿಂದ ಆರಂಭಿಸಿ ಅವರು ಇಪ್ಪತ್ತು ನಿಮಿಷದಲ್ಲಿ ತುಕ್ಕಿನ ಹತ್ತಿರ ಬಂದರು. ಸಾಹೇಬರು ಕೈ ಜೋಡಿಸಿ, ಸಾಕು ಗುರುಗಳೇ, ಡ್ರಮ್ಮಿನೊಳಗೆ ಇರುವುದನ್ನು ತೋರಿಸಿ ಎಂದರು. ಗಂಜಿ ಹಾಕಿದ ಸಂಗತಿ ಹೊರಬಿದ್ದಾಗ ಮಾಸ್ತರರು ಮಲ್ಲಿನಾಥನನ್ನು ಎಂಟನೆಯ ತರಗತಿಯ ಹುಡುಗನನ್ನು ನೋಡುವಂತೆ ನೋಡಿದರು.

ಮಲ್ಲಿನಾಥ ಅಂಗಿಯ ತೋಳು ಮಡಚಿ ಡ್ರಮ್ಮಿನೊಳಗಿಂದ ಅಡ್ಡಪಟ್ಟಿಯನ್ನು ಎತ್ತಿದ, ನೀರಿನಲ್ಲಿ ತೊಳೆದು ಹಿಡಿದ. ಮಾಸ್ತರರು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ತುಕ್ಕಿನ ಒಂದು ಚುಕ್ಕೆಯೂ ಉಳಿದಿರಲಿಲ್ಲ, ಲೋಹ ಹೊಸದರಂತೆ ಬೆಳ್ಳಗಿತ್ತು. ತೊಂದರೆಯೆಂದರೆ ಆ ಪಟ್ಟಿಯಲ್ಲಿ ಲೋಹಕ್ಕಿಂತ ತುಕ್ಕೇ ಹೆಚ್ಚಾಗಿತ್ತು. ಉಳಿದದ್ದು ತೂತುಗಳ ಸುತ್ತ ಇರುವಷ್ಟು ತಗಡು. ಅದರೊಳಗಿಂದ ಸಾಹೇಬರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಕಾನ್‌ಸ್ಟೇಬಲ್ ಸೀರೆಗಳನ್ನು ಎಳೆದು ಹಾಕಿದ. ಕಲ್ಲಿನ ಮೇಲೆ ಕೂತಿದ್ದ ತಳವಿಲ್ಲದ ಕಾರು ಓಣಿಗೆಲ್ಲ ದರ್ಶನ ಕೊಟ್ಟಿತು.

ಸಾಹೇಬರು ಒಳ್ಳೆಯವರು. ಕಾಯಿದೆಯಂತೆ ಡ್ರಮ್ಮುಗಳನ್ನು ತಮ್ಮೆದುರೇ ಗಟಾರಕ್ಕೆ ಸುರಿಸಿದರು, ಇನ್ನು ಮುಂದೆ ಗಂಜಿ ಬೆರೆಸುವುದಿಲ್ಲವೆಂದು ಬರೆಸಿಕೊಂಡರು. ಹೋಗುವಾಗ ಮಾಸ್ತರರನ್ನು ಪಕ್ಕಕ್ಕೆ ಕರೆದು, ತಮ್ಮ ಜೀಪಿನ ತಳವೂ ಎರಡು ಕಡೆ ಹೋಗಿದೆ ಎಂದು ಹೇಳಿ, ಒಂದು ಪಾಲಿಗೆ ಎಷ್ಟು ನೀರು ಎಂದು ಕೇಳಿ ಡೈರಿಯಲ್ಲಿ ಬರೆದುಕೊಂಡರು. ಮಲ್ಲಿನಾಥನ ಕೈ ಕುಲುಕಿ ಜೀಪು ಹತ್ತಿದರು.

ಜನ ನಗಲು ಶುರು ಮಾಡಿದರು. ಇಷ್ಟು ದಿನ ಆಸೆಯಿಂದ ಕಾದು ಕೊನೆಗೆ ತುಕ್ಕು ಸಿಕ್ಕರೆ ಯಾರಿಗಾದರೂ ನಗು ಬರುತ್ತದೆ. ನಂದಾ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳಲಿಲ್ಲ, ಎಲ್ಲರೆದುರಿಗೇ ಅತ್ತಳು.

"ಇಪ್ಪತ್ತೆರಡ ವರ್ಷಾತು," ಎಂದಳು. "ಒಂದ ಸಲನೂ ನನ್ನ ಸಲುವಾಗಿ ಯಾರೂ ಬಾಗಲದಿಂದ ಹೊರಗ ಬಂದಿಲ್ಲ. ಅಷ್ಟ ಬೇಕಿತ್ತು ನನಗ. ನಾ ಏನ್ ಭಾಳ ಕೇಳಿದ್ನಾ?"

ನಗು ನಿಂತಿತು. ಅಲ್ಲಿ ನಿಂತಿದ್ದ ಹೆಂಗಸರಲ್ಲಿ ತವರಿಲ್ಲದವರು ಯಾರು? ಬಸ್ ಸ್ಟ್ಯಾಂಡಿನಿಂದ ಚೀಲ ಹೊತ್ತು ನಡೆಯದವರು ಯಾರು? ಎಲ್ಲರಿಗಿಂತ ಮೊದಲು ತಾರವ್ವ ಮುಂದೆ ಬಂದು ನಂದಾಳ ಪಕ್ಕ ಕುಳಿತರು. ಅಬಕಾರಿಯವರಿಗೆ ಫೋನ್ ಮಾಡಿಸಿದವಳು ತಾನೇ, ಎಮ್ಮೆ ಹಾಗೆ ಬಿದ್ದದ್ದು ನೋಡಿ ಹೊಟ್ಟೆ ಉರಿಯಿತು ಎಂದು ಒಪ್ಪಿಕೊಂಡರು. ಮಲ್ಲಿನಾಥ ಏನೋ ಹೇಳಲು ಬಾಯಿ ತೆರೆದ. ತಾರವ್ವ ಕೈ ಅಡ್ಡ ಮಾಡಿ, ತೀರಿಹೋದ ತಮ್ಮ ಗಂಡನ ಮಾತು ತೆಗೆದರು.

"ನಮ್ಮ ಹಿತ್ತಲದಾಗ ನಿಮ್ಮ ಕಾಕಾನ ಮಗ್ಗ ಐತಿ. ಒಂಬತ್ತ ವರ್ಷಾತು ಅವ್ರು ಹೋಗಿ. ಗುಜರಿಯವ್ರು ಬರ್ತಾರ, ನಾ ಕೊಟ್ಟಿಲ್ಲ. ಅದರ ಕಬ್ಬಿಣಕ್ಕ ಇನ್ನೂ ತುಕ್ಕ ಹತ್ತಿಲ್ಲಪಾ, ವಾರಕ್ಕೊಮ್ಮಿ ಎಣ್ಣಿ ಒರಸತೇನಿ. ಬೇಕಾದಷ್ಟ ಕೊಯ್ಕೊಂಡ ಹೋಗ್ರಿ."

"ಬ್ಯಾಡ ಕಾಕು, ಅದು ಕಾಕಾಂದು," ಎಂದ ಮಲ್ಲಿನಾಥ.

"ಕಾಕಾ ಇದ್ದಿದ್ರ ತಾವ ಕೊಯ್ದ ಕೊಡತಿದ್ರು. ಸುಮ್ನ ತಗೋ."

ನಾಮದೇವ ಅಲ್ಲಿಂದಲೇ ಎದ್ದು ಹಿತ್ತಲಿಗೆ ಹೋದ. ಮಗ್ಗದ ಬೀಡುಕಬ್ಬಿಣದ ಭಾಗಕ್ಕೆ ವೆಲ್ಡಿಂಗ್ ಹಿಡಿಯುವುದಿಲ್ಲ ಎಂದು ಅದನ್ನು ಮುಟ್ಟದೆ, ಮಗ್ಗ ಕೂರಿಸಿದ್ದ ಉಕ್ಕಿನ ಆ್ಯಂಗಲ್‌ಗಳನ್ನು ಮಾತ್ರ ಬಿಚ್ಚಿದ. ಕಾರಿನ ತಗಡನ್ನು ಗಟ್ಟಿ ಸಿಗುವವರೆಗೂ ಕತ್ತರಿಸುತ್ತಾ ಹೋದ. ಒಂದು ಹಂತದಲ್ಲಿ ಕಾರಿಗಿಂತ ಕತ್ತರಿಸಿದ್ದೇ ಹೆಚ್ಚಾಗಿ ಕಂಡಿತು. ಮೊದಲ ಆ್ಯಂಗಲ್ ಕೂರಿಸಿ ನಾಲ್ಕು ಚುಕ್ಕೆ ವೆಲ್ಡಿಂಗ್ ಹಾಕಿ ನೋಡಿದರೆ ಬಾಗಿಲು ಮುಚ್ಚಲೊಲ್ಲದು. ಆಧಾರ ತಪ್ಪಿ ಕಾರು ನಡುವೆ ಬಾಗಿತ್ತು. ಚುಕ್ಕೆಗಳನ್ನು ಒಡೆದು, ಜಾಕ್ ಕೊಟ್ಟು ಎತ್ತಿ, ಮತ್ತೆ ಮೊದಲಿನಿಂದ ಆರಂಭ. ಈಗ ಓಣಿಯ ನೇಕಾರರಿಗೆ ತಡೆದುಕೊಳ್ಳಲಾಗಲಿಲ್ಲ. ನೆಟ್ಟಗಿದೆಯೋ ಇಲ್ಲವೋ ನೋಡಲು ನಮ್ಮವರಿಗೆ ಬೇರೆ ಸಾಧನ ಬೇಕಿಲ್ಲ. ಇಬ್ಬರು ಎರಡು ತುದಿಗೆ ನಿಂತು ಮಗ್ಗದ ಹಾಸಿನ ನೂಲು ಬಿಗಿಯಾಗಿ ಹಿಡಿದರು, ಮೂರನೆಯವನು ಒಂದು ಕಣ್ಣು ಮುಚ್ಚಿ ನೋಡಿ, ಎಡಕ್ಕೆ ಎರಡು ಎಳೆ ಸೊಟ್ಟ ಇದೆ ಎಂದ. ನಾಮದೇವ ತನ್ನ ಜೀವಮಾನದಲ್ಲಿ ಎಳೆಯ ಲೆಕ್ಕದಲ್ಲಿ ವೆಲ್ಡಿಂಗ್ ಮಾಡಿದ್ದು ಅದೊಂದೇ ಸಲ. ಶನಿವಾರ ಸಂಜೆಗೆ ಬಾಗಿಲು ಒಂದೇ ಬೆರಳಿಗೆ ಮುಚ್ಚಿತು. ತಳಕ್ಕೆ ಹೊಸ ತಗಡು ಬಿತ್ತು, ಅದರ ಮೇಲೂ ಕೆಳಗೂ ರೆಡ್ ಆಕ್ಸೈಡ್ ಬಿತ್ತು. ಎಂಟು ಜನ ಒಳಗೆ ನಿಂತು ಕುಣಿದು ನೋಡಿದೆವು. ಕಾರು ಅಲುಗಲಿಲ್ಲ.

ಇತ್ತ ಚನಮಲ್ಲಪ್ಪ ಬುಧವಾರ ನಸುಕಿಗೇ ಸೀರೆ ಗಂಟಿನೊಂದಿಗೆ ಲೋಕಾಪುರಕ್ಕೆ ಹೋಗಿ ಕುಳಿತಿದ್ದ. ಅಬಕಾರಿಯವರ ವಿಷಯ ಅವನಿಗೆ ಫೋನಿನಲ್ಲಿ ಅರ್ಧ ಮುಟ್ಟಿತು. ಸಾಹೇಬರು ಬಂದರು, ಮುಚ್ಚಳ ತೆಗೆದು ಮೂಸಿದರು, ಅಳತೆ ಕೇಳಿ ಬರೆದುಕೊಂಡರು, ಕೈ ಕುಲುಕಿ ಹೋದರು. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಅಬಕಾರಿಯವರೇ ಅಳತೆ ಬರೆದುಕೊಂಡು ಹೋಗುವಂಥ ಸರಕು, ಅದೂ ಇಪ್ಪತ್ತೇಳು ವರ್ಷದ್ದು, ಆಯಿತವಾರ ಬರುತ್ತದೆ ಎಂದು ಲೋಕಾಪುರದ ಪ್ರತಿ ಅಂಗಡಿಯಲ್ಲೂ ಆತ ಕಿವಿಯಲ್ಲಿ ಹೇಳಿದ.

ಆಯಿತವಾರ ಬೆಳಿಗ್ಗೆ ಹೊರಟೆವು. ಎಲ್ಲಾದರೂ ನಿಂತರೆ ತಳ್ಳಲು ಒಬ್ಬರು ಬೇಕೆಂದು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ನಂದಾ ಇಳಕಲ್ ಸೀರೆ ಉಟ್ಟು ಮುಂದೆ ಕೂತಿದ್ದಳು. ಚಿಮ್ಮಡ ದಾಟುವಾಗ ಮೂವರೂ ಉಸಿರು ಬಿಗಿಹಿಡಿದೆವು. ಮುಧೋಳ ದಾಟಿದ ಮೇಲೆ ಮಲ್ಲಿನಾಥ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಒಂದು ಮೊಣಕೈ ಕಿಟಕಿಯ ಹೊರಗಿಟ್ಟ. ನಾನು ತಳ್ಳುವ ಪ್ರಸಂಗ ಬರಲಿಲ್ಲ.

ಈಶ್ವರನ ಹೊಸ ಮನೆಯ ಓಣಿಗೆ ತಿರುಗಿ ಮಲ್ಲಿನಾಥ ಹಾರ್ನ್ ಹೊಡೆದ. ಒಳಗಿನಿಂದ ಮೊದಲು ಈಶ್ವರ ಓಡಿ ಬಂದ, ಅವನ ಹಿಂದೆ ಚನಮಲ್ಲಪ್ಪ, ಹಿಂದೆ ಮೂವತ್ತು ನಾಲ್ವತ್ತು ಗಂಡಸರು. ಗಂಡಸರು ಯಾಕೆ ಓಡಿದರೆಂದು ನೋಡಲು ಹೆಂಗಸರೂ ಬಂದರು, ಹೋಮದ ಮುಂದೆ ಸ್ವಾಮಿಗಳೊಬ್ಬರೇ ಉಳಿದರು. ಪಂಕ್ತಿಯಲ್ಲಿ ಊಟಕ್ಕೆ ಕೂತವರು ಕೈ ತೊಳೆಯದೆ ಎದ್ದು ಬಂದಿದ್ದರು. ಈಶ್ವರ ತಾನೇ ಅಕ್ಕನ ಬಾಗಿಲು ತೆಗೆದ. ನಂದಾ ಇಳಿದು ನಿಂತಳು. ಅಷ್ಟು ಜನ ತನ್ನೆದುರು ನಿಂತದ್ದನ್ನು ನೋಡಿದಳು. ಬಾಗಿಲಲ್ಲಿ ವೈಶಾಲಿ ಬಾಯಿ ತೆರೆದುಕೊಂಡು ನಿಂತಿದ್ದಳು. ನಂದಾಳ ಕಣ್ಣು ತುಂಬಿ ಬಂತು. ನನಗೂ ಬಂತು, ಮುಚ್ಚಿಡುವುದೇಕೆ.

ಅಷ್ಟರಲ್ಲಿ ಹಿಂದುಗಡೆ ಡಿಕ್ಕಿ ತೆಗೆದಾಗಿತ್ತು. ಅಲ್ಲಿ ಹೋಳಿಗೆಯ ಬುಟ್ಟಿ ಇತ್ತು, ಪಕ್ಕದಲ್ಲಿ ಒಂದು ಕ್ಯಾನ್. ಆರರಲ್ಲಿ ಬಳಸದೆ ಉಳಿದ ಒಂದು ಕ್ಯಾನ್ ಕಾಕಂಬಿಯನ್ನು ಹೋಳಿಗೆಯ ಜೊತೆ ತಿನ್ನಲು ನಂದಾ ಇಟ್ಟುಕೊಂಡಿದ್ದಳು. ಚನಮಲ್ಲಪ್ಪ ಅದನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡ. ಗಂಡಸರೆಲ್ಲ ಅವನ ಹಿಂದೆ ಶಬ್ದ ಮಾಡದೆ ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬೊಬ್ಬರಾಗಿ ಮೀಸೆ ಒರೆಸಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ ಮರಳಿ ಬಂದು ಪಂಕ್ತಿಯಲ್ಲಿ ಕುಳಿತರು. ಊಟದಲ್ಲಿ ಯಾರೂ ಸಿಹಿ ಬಡಿಸಿಕೊಳ್ಳಲಿಲ್ಲ.

ಮರಳುವಾಗ ಮಲ್ಲಿನಾಥನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಹಳೆಯ ಕಬ್ಬಿಣಕ್ಕೆ ಎಂಥ ಮರ್ಯಾದೆ ಇದೆ ನೋಡು, ಇಡೀ ಲೋಕಾಪುರ ಎದ್ದು ಬಂತು ಎಂದು ಮುಧೋಳದವರೆಗೂ ಹೇಳಿದ. ಆ ಜನ ಯಾತಕ್ಕೆ ಓಡಿ ಬಂದರು ಎಂಬುದು ಪಾಪ ಅವನಿಗೆ ಹೊಳೆದೇ ಇರಲಿಲ್ಲ. ನನಗೆ ಗೊತ್ತಿತ್ತು. ಆದರೆ ಹಿಂದಿನ ಸೀಟಿನಲ್ಲಿ ಕೂತವನು ಅದನ್ನು ಯಾವ ಬಾಯಿಯಿಂದ ಹೇಳಲಿ. 

ನಂದಾ ಕಿಟಕಿಯಿಂದ ಹೊರಗೆ ಕಬ್ಬಿನ ಗದ್ದೆ ನೋಡುತ್ತಾ ಕೂತಿದ್ದಳು. ಗಂಡನ ಮಾತು ಮುಗಿದ ಮೇಲೆ ನಿಧಾನವಾಗಿ ಹೇಳಿದಳು.

"ಅವ್ರು ಎದಕ್ಕ ಹೊರಗ ಬಂದ್ರು ಅಂತ ನನಗ ಗೊತ್ತೈತ್ರಿ. ಇಳಿಯೂ ಮುಂದನ ಗೊತ್ತಾತು, ಒಬ್ಬರ ಕಣ್ಣೂ ನನ್ನ ಮ್ಯಾಲೆ ಇರಲಿಲ್ಲ. ಇಲ್ದಿದ್ರ ಇಲ್ಲ. ಬಂದ್ರಲ್ಲ."

ಮಲ್ಲಿನಾಥ ಏನೂ ತಿಳಿಯದೆ ಹೆಂಡತಿಯ ಮುಖ ನೋಡಿದ. ಆಕೆ ಸೆರಗು ಸರಿಮಾಡಿಕೊಂಡು ಮುಂದಿನ ರಸ್ತೆಗೆ ಕಣ್ಣು ಹಾಕಿದಳು.

"ನಾಗರ ಪಂಚಮಿಗೆ ಮತ್ತ ಹೋಗೂಣು," ಎಂದಳು. "ಆ ಕ್ಯಾನ್ ಖಾಲಿ ಇದ್ರೂ ಅಡ್ಡಿಲ್ಲ. ಹಿಂದಿನ ಗಾಜಿನ್ಯಾಗ ಕಾಣೂವಂಗ ಇಟಗೋರಿ."